ಬ್ಯಾಟರಿ ಬದಲಿಸುವ ಮೊದಲು ಅರ್ತ್ ಪಟ್ಟಿ ನೋಡಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಹಳೆಯ ಜೀಪುಗಳ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ಜೀಪು ಸ್ಟಾರ್ಟ್ ಆಗದೆ ನಾನು ಹತ್ತು ಸಾವಿರ ರೂಪಾಯಿಗೂ ಹೆಚ್ಚು ಖರ್ಚು ಮಾಡಿದೆ. ಕೊನೆಗೆ ದೋಷ ಸಿಕ್ಕಿದ್ದು 180 ರೂಪಾಯಿಯ ಅರ್ತ್ ಪಟ್ಟಿಯಲ್ಲಿ, ಅಂದರೆ ಎಂಜಿನ್ನಿನಿಂದ ಕರೆಂಟು ಬ್ಯಾಟರಿಗೆ ಮರಳಲು ದಾರಿಯಾಗುವ ಒಂದು ತಾಮ್ರದ ಪಟ್ಟಿಯಲ್ಲಿ. ಹಣ ಹೋಗಿದ್ದಕ್ಕಿಂತ ನನ್ನನ್ನು ಹೆಚ್ಚು ಕಾಡುತ್ತಿರುವುದು ಬೇರೆ: ಅಷ್ಟು ದಿನಗಳಲ್ಲಿ ಜೀಪು ಮುಟ್ಟಿದ ಯಾರೂ ಒಮ್ಮೆಯೂ ವೋಲ್ಟ್ ಅಳೆಯುವ ಮೀಟರ್ ಇಟ್ಟು ನೋಡಲಿಲ್ಲ.

ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮಗೆ ಆರು ಎಕರೆ ಕಾಫಿ ತೋಟವಿದೆ. ಮನೆಯಿಂದ ಡಾಂಬರು ರಸ್ತೆಗೆ ಎರಡೂವರೆ ಕಿಲೋಮೀಟರ್ ಮಣ್ಣು ದಾರಿ, ನಡುವೆ ಒಂದು ಹಳ್ಳ. ಮಳೆ ಹಿಡಿದರೆ ಆ ದಾರಿಯಲ್ಲಿ ಕಾರು ಬರುವುದಿಲ್ಲ, ಆಂಬುಲೆನ್ಸೂ ಬರುವುದಿಲ್ಲ. ಯಜಮಾನರು 90ರ ದಶಕದಲ್ಲಿ ಕೊಂಡ ಮಹೀಂದ್ರ ಎಂಎಂ 540 ಜೀಪೇ ನಮಗೂ ಅಕ್ಕಪಕ್ಕದ ನಾಲ್ಕು ಮನೆಗಳಿಗೂ ಆಧಾರ. ಪ್ಯೂಜೊ ಡೀಸೆಲ್ ಎಂಜಿನ್, ಇಂದಿಗೂ ಕೆಸರಿನಲ್ಲಿ ಫೋರ್ ವೀಲ್ ಹಾಕಿದರೆ ಹಿಂಜರಿಯದ ಗಾಡಿ. ಅವರು ತೀರಿಕೊಂಡ ಮೇಲೆ ಒಂಬತ್ತು ವರ್ಷಗಳಿಂದ ನಾನೇ ಓಡಿಸುತ್ತಿದ್ದೇನೆ.

ಜೂನ್ ಕೊನೆಯ ಒಂದು ಬೆಳಿಗ್ಗೆ ಕೀ ತಿರುಗಿಸಿದರೆ ‘ಟಕ್’ ಎಂದು ಒಂದೇ ಸದ್ದು. ಇಳಿಜಾರಿನಲ್ಲಿ ತಳ್ಳಿಸಿ ಸ್ಟಾರ್ಟ್ ಮಾಡಿ ಗ್ಯಾರೇಜಿಗೆ ಒಯ್ದೆ. ಬ್ಯಾಟರಿ ಸತ್ತಿದೆ ಎಂದರು, 6,800 ರೂಪಾಯಿ ಕೊಟ್ಟು ಹೊಸದು ಹಾಕಿಸಿದೆ. ನಾಲ್ಕು ದಿನ ಸರಿಯಾಗಿತ್ತು, ಐದನೆಯ ದಿನ ಮತ್ತೆ ಅದೇ ಸದ್ದು. ಎಂಜಿನ್ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಬಿಚ್ಚಿ ಬ್ರಷ್, ಬುಷ್ ಬದಲಿಸಿದರು. ಅದಕ್ಕೆ 3,200. ಒಂದು ವಾರದ ನಂತರ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸುಟ್ಟ ವಾಸನೆ ಬಂತು. ಸ್ಪೀಡೋಮೀಟರ್ ಕೇಬಲ್ಲಿನ ಹೊದಿಕೆ ಕರಗಿಹೋಗಿತ್ತು. ಕೇಬಲ್ಲನ್ನೂ ಬದಲಿಸಿದರು. ವೇಗ ತೋರಿಸುವುದಷ್ಟೇ ಕೆಲಸವಾದ ಕೇಬಲ್ ಸುಡುವಷ್ಟು ಬಿಸಿ ಏಕಾಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಎಂಜಿನ್ ಬಿಗಿಯಾಗಿದೆ, ಇಳಿಸಬೇಕು ಎಂದರು. ಇನ್ನೊಬ್ಬರು ಗುಜರಿಗೆ ಹಾಕಿ ಎಂದು ಸಲಹೆ ಕೊಟ್ಟರು.

ಜುಲೈ ನಡುವಿನ ಒಂದು ರಾತ್ರಿ ಪಕ್ಕದ ಮನೆಯ ಅಜ್ಜನಿಗೆ ಉಸಿರು ಕಟ್ಟಿತು. ಸುರಿಯುವ ಮಳೆಯಲ್ಲಿ ಆರು ಜನ ಜೀಪು ತಳ್ಳಿದರು, ಮೂರನೆಯ ಸಲಕ್ಕೆ ಹತ್ತಿಕೊಂಡಿತು. ಅಜ್ಜ ಬದುಕಿದರು. ಮನೆಗೆ ಮರಳಿದಾಗ ಬೆಳಕು ಹರಿಯುತ್ತಿತ್ತು. ಹಾಸನದಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ತಮ್ಮನಿಗೆ ಆಗಲೇ ಫೋನ್ ಮಾಡಿದೆ. ಅವನು ಕೇಳಿದ ಮೊದಲ ಪ್ರಶ್ನೆ, “ಅಕ್ಕಾ, ಸೆಲ್ಫ್ ಹೊಡೆಯುವಾಗ ಹೆಡ್‌ಲೈಟ್ ಮಂಕಾಗುತ್ತದೆಯೇ?”

ಮಂಕಾಗುತ್ತಿರಲಿಲ್ಲ. ಅದೇ ಸುಳಿವು. ಬ್ಯಾಟರಿ ಸೋತಿದ್ದರೆ, ಇಲ್ಲವೇ ಮೋಟಾರ್ ಸಿಕ್ಕಿಹಾಕಿಕೊಂಡಿದ್ದರೆ ದೀಪ ಕುಗ್ಗುತ್ತದೆ. ದೀಪ ಹಾಗೆಯೇ ಉರಿಯುತ್ತಿದ್ದು ಮೋಟಾರ್ ಮಾತ್ರ ತಿರುಗದಿದ್ದರೆ ಮೋಟಾರಿನ ಮೂಲಕ ಬೇಕಾದಷ್ಟು ಕರೆಂಟು ಹರಿಯುತ್ತಿಲ್ಲ ಎಂದರ್ಥ. ಅವನು ಹೇಳಿದಂತೆ 450 ರೂಪಾಯಿಯ ಮಲ್ಟಿಮೀಟರ್ ತಂದೆ. ಗೇರ್ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಮಗಳನ್ನು ಕೀ ತಿರುಗಿಸಲು ಕೂರಿಸಿದೆ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್. ಸೆಲ್ಫ್ ಹೊಡೆಯುವಾಗಲೂ 11.6. ಹತ್ತಕ್ಕಿಂತ ಕೆಳಗಿಳಿದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಬೇಕಿತ್ತು. ಆಮೇಲೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿದೆ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ನಮ್ಮದರಲ್ಲಿ 4.1 ಬಂತು.

ಬ್ಯಾಟರಿಯ ನೆಗೆಟಿವ್ ಚಾಸಿಗೆ ಜೋಡಿಸಿರುತ್ತದೆ, ಆದರೆ ಜೀಪಿನ ಎಂಜಿನ್ ಕರೆಂಟು ಹರಿಯದ ರಬ್ಬರ್ ಮೌಂಟಿಂಗುಗಳ ಮೇಲೆ ಕುಳಿತಿರುತ್ತದೆ. ಆದ್ದರಿಂದ ಚಾಸಿಗೂ ಎಂಜಿನ್ನಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಬೇಕೇ ಬೇಕು. ಅದೇ ಅರ್ತ್ ಪಟ್ಟಿ. ಮೂರು ದಶಕಗಳ ಮಳೆ, ಕೆಸರಿನಲ್ಲಿ ಅದು ಹಸಿರುಗಟ್ಟಿ, ಬೋಲ್ಟಿನ ಬುಡದಲ್ಲಿ ತುಕ್ಕು ತಿಂದು, ನಾಲ್ಕಾರು ಎಳೆಗಳಲ್ಲಷ್ಟೇ ಹಿಡಿದುಕೊಂಡಿತ್ತು. ದಾರಿ ಸಿಗದ ಕರೆಂಟು ಗೇರ್‌ಬಾಕ್ಸಿನ ಕಡೆಯಿಂದ ಸ್ಪೀಡೋಮೀಟರ್ ಕೇಬಲ್ಲಿನ ಮೂಲಕ ಗಾಡಿಯ ಮೈಗೆ ಹಾದುಹೋಗಿ ಆ ಕೇಬಲ್ಲನ್ನು ಸುಟ್ಟಿತ್ತು. ಗ್ಯಾರೇಜಿನಲ್ಲಿ ಬಲ್ಬು ಹಚ್ಚಿ ನೋಡಿ “ಅರ್ತ್ ಸರಿಯಿದೆ” ಎಂದಿದ್ದರು. ಬಲ್ಬಿಗೆ ಒಂದೆರಡು ಆಂಪಿಯರ್ ಸಾಕು, ಅಷ್ಟು ನಾಲ್ಕು ಎಳೆಗಳಲ್ಲೂ ಹರಿಯುತ್ತದೆ. ಡೀಸೆಲ್ ಎಂಜಿನ್ ತಿರುಗಿಸುವ ಮೋಟಾರಿಗೆ 200 ಆಂಪಿಯರ್, ಅದಕ್ಕಿಂತಲೂ ಹೆಚ್ಚು ಬೇಕು. ಆಗ ಓಮ್‌ನ ನೂರರಲ್ಲಿ ಎರಡು ಪಾಲಿನಷ್ಟು ತಡೆ ಇದ್ದರೂ ನಾಲ್ಕು ವೋಲ್ಟ್ (200 × 0.02) ದಾರಿಯಲ್ಲೇ ಕಳೆದುಹೋಗುತ್ತದೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದ ಓಮ್‌ನ ನಿಯಮ ನನಗೆ ಅರ್ಥವಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ನಮ್ಮ ಶೆಡ್ಡಿನಲ್ಲಿ.

ಮೀಟರ್ ಇಲ್ಲದವರಿಗೂ ಒಂದು ದಾರಿಯಿದೆ. ಜಂಪ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ ಕೀ ತಿರುಗಿಸಿ. ಮೋಟಾರ್ ಜೋರಾಗಿ ತಿರುಗಿದರೆ ದೋಷ ಅರ್ತ್ ಪಟ್ಟಿಯಲ್ಲಿ ಇಲ್ಲವೇ ಬ್ಯಾಟರಿಯ ನೆಗೆಟಿವ್ ಕೇಬಲ್ಲಿನಲ್ಲಿದೆ. ಎರಡು ನಿಮಿಷದ ಕೆಲಸ.

ಎಲ್ಲ ಜೀಪುಗಳ ತೊಂದರೆಯೂ ಇದೇ ಎಂದು ನಾನು ಹೇಳುತ್ತಿಲ್ಲ. ಸೆಲ್ಫ್ ಚೆನ್ನಾಗಿ ಹೊಡೆದು, ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬಂದು, ಚಳಿಯ ಬೆಳಿಗ್ಗೆ ಮಾತ್ರ ಎಂಜಿನ್ ಹಿಡಿಯದಿದ್ದರೆ ಎಂಜಿನ್ನಿನ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ ನೋಡಬೇಕು. ಹೊಗೆಯೇ ಬರದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಫಿಲ್ಟರಿನ ವಾಷರೋ ಪೈಪೋ ಗಾಳಿ ಎಳೆದುಕೊಂಡು ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿರಬಹುದು. ಪೆಟ್ರೋಲ್ ಅದ್ದಿದ ಬಟ್ಟೆಯನ್ನು ಏರ್ ಕ್ಲೀನರ್ ಬಾಯಿಗೆ ಹಿಡಿದು ಸ್ಟಾರ್ಟ್ ಮಾಡುವ ರೂಢಿ ನಮ್ಮ ಕಡೆ ಇನ್ನೂ ಇದೆ. ಕಾದ ಹೀಟರ್ ಪ್ಲಗ್ ಇರುವ ಎಂಜಿನ್ನಿನಲ್ಲಿ ಆ ಆವಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ನಮ್ಮ ಭಾಗದ ಮೆಕ್ಯಾನಿಕ್‌ಗಳ ಶ್ರಮದ ಬಗ್ಗೆ ನನಗೆ ಗೌರವವಿದೆ. ಮಳೆಯಲ್ಲಿ, ಕೆಸರಿನಲ್ಲಿ, ಗಾಡಿಯಡಿ ಮಲಗಿ ದುಡಿಯುವವರು ಅವರು. ಆದರೆ ಬಿಡಿಭಾಗ ಬದಲಿಸುವ ಮೊದಲು ಅಳೆಯಿರಿ, ಅಳೆದ ಸಂಖ್ಯೆಯನ್ನು ಬಿಲ್ಲಿನ ಮೇಲೆ ಬರೆಯಿರಿ ಎಂದು ಕೈಮುಗಿದು ಕೇಳುತ್ತೇನೆ. ಐಟಿಐಗಳಲ್ಲಿ ಕಲಿಯುವ ಹುಡುಗರ ಕೈಗೆ ಸ್ಪ್ಯಾನರಿನ ಜೊತೆಗೇ ಮೀಟರನ್ನೂ ಕೊಟ್ಟು, ಹಳೆಯ ಜೀಪೊಂದನ್ನು ನಿಲ್ಲಿಸಿ ಈ ಪರೀಕ್ಷೆ ಮಾಡಿಸಬೇಕು. ನಿಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಕಾಫಿ, ಅಡಿಕೆ, ಮೆಣಸಿನ ರೋಗಗಳ ಬಗ್ಗೆ ಚಿತ್ರಸಹಿತ ಬರೆಯುವಂತೆ, ರೈತರ ವಾಹನ ಮತ್ತು ಪಂಪ್‌ಸೆಟ್‌ಗಳ ಬಗ್ಗೆಯೂ ತಿಂಗಳಿಗೊಂದು ಬರಹ ಕೊಡಿ. ಮುಂಗಾರಿಗೆ ಮೊದಲೇ, ಮೇ ತಿಂಗಳಲ್ಲಿ ಅರ್ತ್ ಪಟ್ಟಿಯ ಎರಡೂ ತುದಿ ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರುವುದನ್ನು ಮೊದಲ ಬರಹದಲ್ಲೇ ತೋರಿಸಿದರೆ ನಮ್ಮಂಥ ಒಂಟಿ ಮನೆಗಳವರಿಗೆ ಉಪಕಾರವಾಗುತ್ತದೆ.

— ಕಾಫಿ ಬೆಳೆಗಾರ್ತಿ, ಮೂಡಿಗೆರೆ ತಾಲ್ಲೂಕು