ಆರು ಊರು ಬೇಡ, ಒಂದು ಸಾಕು

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಹಳ್ಳಿಗಾಡಿನ ಶರತ್ಕಾಲದ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಲೇಖನ ಎರಡು ದಿನಕ್ಕೆ ಆರು ಊರುಗಳ ಪಟ್ಟಿ ಕೊಟ್ಟಿದೆ. ಅದನ್ನು ನಂಬಿ ಹೊರಟವರಿಗೆ ಸಿಗುವುದು ಕಾರಿನ ಕಿಟಕಿ ಮತ್ತು ಪಾರ್ಕಿಂಗ್ ಹುಡುಕಾಟ ಅಷ್ಟೇ. ವಿಶ್ರಾಂತಿಯೇ ಬೇಕಿದ್ದರೆ ರೈಲು ನಿಲ್ದಾಣವಿರುವ ಒಂದು ಹಳ್ಳಿ ಹಿಡಿದು ಎರಡು ರಾತ್ರಿ ಅಲ್ಲೇ ಉಳಿಯುವುದು ಮೇಲು. ಮಗ-ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗುವ ಹಿರಿಯರಿಗಂತೂ ಇದೇ ಸಲೀಸು.

ಉದಾಹರಣೆಗೆ ಬೆಟ್ಟಗುಡ್ಡಗಳ ಪ್ರದೇಶವಾದ ಪೀಕ್ ಡಿಸ್ಟ್ರಿಕ್ಟ್‌ನ ಈಡೇಲ್ ಹಳ್ಳಿ. 1951ರಲ್ಲಿ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾದ ಪ್ರದೇಶ ಇದು. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವಿನ ರೈಲು ಹಳ್ಳಿಯಲ್ಲೇ ನಿಲ್ಲುತ್ತದೆ. ಎರಡೂ ನಗರಗಳಿಂದ ಒಂದು ಗಂಟೆಯೊಳಗಿನ ದಾರಿ. ಆದರೆ ಈ ಕಾಲದಲ್ಲಿ ಉದುರಿದ ಎಲೆಗಳು ಹಳಿಯ ಮೇಲೆ ಅರೆದು ಜಾರು ಪದರವಾಗುವುದರಿಂದ ಬ್ರೇಕ್ ಹಿಡಿಯುವುದಿಲ್ಲ, ರೈಲುಗಳು ನಿಧಾನಿಸುತ್ತವೆ. ಭಾನುವಾರ ಹಳಿ ದುರಸ್ತಿಯ ಕಾಟವೂ ಉಂಟು. ಹಿಂದಿರುಗುವ ದಿನವೇ ವಿಮಾನವಿದ್ದರೆ ಈ ಯೋಜನೆ ಬೇಡ.

ಎಲೆಗಳ ಬಣ್ಣ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮೊದಲ ವಾರದವರೆಗೆ. ಅಕ್ಟೋಬರ್ ಕೊನೆಯ ವಾರ ಬಹುತೇಕ ಶಾಲೆಗಳಿಗೆ ರಜೆ, ಬಾಡಿಗೆ ಏರಿರುತ್ತದೆ. ಅದನ್ನು ತಪ್ಪಿಸಿ. ವಾರಾಂತ್ಯಕ್ಕೆ ಎರಡು ರಾತ್ರಿಗಿಂತ ಕಡಿಮೆಗೆ ಕೋಣೆ ಕೊಡದವರೇ ಹೆಚ್ಚು. ಕೋಣೆ ಸಿಗುವುದು ಮಧ್ಯಾಹ್ನ 3ರ ನಂತರ, ಬಿಡಬೇಕಾದದ್ದು ಬೆಳಿಗ್ಗೆ 10 ಅಥವಾ 11ಕ್ಕೆ.

ಲೇಖನದಲ್ಲಿ ಗಡಿಯಾರದ ಸುದ್ದಿಯೇ ಇಲ್ಲ. ಅಕ್ಟೋಬರ್ ಕೊನೆಯ ಭಾನುವಾರ ನಸುಕಿನ 2 ಗಂಟೆಗೆ ಅಲ್ಲಿ ಸಮಯವನ್ನು ಒಂದು ಗಂಟೆ ಹಿಂದೆ ಸರಿಸುತ್ತಾರೆ. ಶನಿವಾರ 5.45ರ ಸುಮಾರಿಗೆ ಮುಳುಗಿದ ಸೂರ್ಯ ಭಾನುವಾರ 4.45ಕ್ಕೇ ಮುಳುಗುತ್ತಾನೆ. ಊಟ ಮುಗಿಸಿ ಎರಡೂವರೆಗೆ ಬೆಟ್ಟ ಹತ್ತಲು ಹೊರಟವರು ಕತ್ತಲಲ್ಲಿ ಇಳಿಯುತ್ತಾರೆ. ಫೋನಿನ ಬೆಳಕನ್ನೇ ನೆಚ್ಚಿಕೊಳ್ಳಬಾರದು, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ತಲೆಗೆ ಕಟ್ಟುವ ಟಾರ್ಚ್ ಜೊತೆಗಿರಲಿ.

ನಡಿಗೆ ಬೆಳಿಗ್ಗೆಯೇ ಆಗಲಿ. ನಿಲ್ದಾಣದಿಂದ ದಕ್ಷಿಣಕ್ಕೆ ಹೊಲಗಳ ನಡುವೆ ದಾರಿಗಳು ಕೂಡುವ ಹಾಲಿನ್ಸ್ ಕ್ರಾಸ್‌ಗೆ ಏರಿ, ಬಲಕ್ಕೆ ತಿರುಗಿ ಏಣಿನ ಮೇಲಿನ ಕಲ್ಲುಚಪ್ಪಡಿ ದಾರಿ ಹಿಡಿದರೆ 517 ಮೀಟರ್ ಎತ್ತರದ ಮ್ಯಾಮ್ ಟಾರ್ ಬೆಟ್ಟ ಸಿಗುತ್ತದೆ. ಸುತ್ತಿ ಬರಲು ಸುಮಾರು 9 ಕಿ.ಮೀ. ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಎಂಬುದು ಅಲ್ಲಿನವರ ಹಳೆಯ ಲೆಕ್ಕ. ಅದರಂತೆ ಎರಡೂವರೆ ಗಂಟೆಯಾದರೂ ಕೆಸರು, ಫೋಟೊ, ಫ್ಲಾಸ್ಕಿನ ಚಹಾ ಸೇರಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಟ್ಟದ ಪೂರ್ವದ ಮೈ ಸದಾ ಕುಸಿಯುತ್ತಿರುತ್ತದೆ; ಅದರ ಮೇಲಿದ್ದ ಹೆದ್ದಾರಿಯನ್ನು 1979ರಲ್ಲಿ ಕೈಬಿಟ್ಟರು. ಒಡೆದ ಡಾಂಬರು ಈಗಲೂ ಕಾಣುತ್ತದೆ.

ಜೀನ್ಸ್ ಬೇಡವೇ ಬೇಡ. ನೆನೆದರೆ ಭಾರವಾಗಿ, ಒಣಗದೆ, ಮೈಯ ಬಿಸಿ ಹೀರುತ್ತದೆ. ಹಳದಿ ಬಾಣದ ಗುರುತು ನಡೆಯುವವರ ದಾರಿ, ನೀಲಿಯದರಲ್ಲಿ ಕುದುರೆ ಮತ್ತು ಸೈಕಲ್‌ಗಳೂ ಬರುತ್ತವೆ. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ. ಹಸು-ಕರುವಿನ ನಡುವೆ ಹಾಯಬೇಡಿ. ಬೆಟ್ಟದಲ್ಲಿ ಪೆಟ್ಟಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ (ಬೆಟ್ಟದ ರಕ್ಷಣಾ ತಂಡ) ಕೇಳಬೇಕು.

ಮಂಡಿನೋವಿನವರು ಅದೇ ರೈಲಿನಲ್ಲಿ ಗ್ರಿಂಡಲ್‌ಫರ್ಡ್‌ಗೆ ಹೋಗಿ ಪ್ಯಾಡ್ಲಿ ಕಣಿವೆಯ ಓಕ್, ಬರ್ಚ್ ಕಾಡನ್ನು ಕೆಳಗಿನಿಂದಲೇ ನೋಡಿ ಬರಬಹುದು. ಬಣ್ಣಕ್ಕೆ ಮ್ಯಾಮ್ ಟಾರ್‌ಗಿಂತ ಇದೇ ಸೊಗಸು.

ಇನ್ನು ಊಟ. ಹಳ್ಳಿ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡೂವರೆಗೆ ಮುಚ್ಚಿ ಸಂಜೆ 6ಕ್ಕೆ ತೆರೆಯುವುದು ಮಾಮೂಲು. ಭಾನುವಾರ ಮಧ್ಯಾಹ್ನದ ವಿಶೇಷ ಮಾಂಸದೂಟ ರೋಸ್ಟ್‌ಗೆ ಮೊದಲೇ ಟೇಬಲ್ ಕಾದಿರಿಸಬೇಕು. ರಾತ್ರಿ ಅನೇಕ ಕಡೆ ಅಡುಗೆಯೇ ಇರುವುದಿಲ್ಲ. ಸಸ್ಯಾಹಾರಿಗಳು ಅದರ ಬದಲು ಕಾಯಿಬೀಜಗಳಿಂದ ಮಾಡುವ ನಟ್ ರೋಸ್ಟ್ ಕೇಳಿ ಸುಮ್ಮನಾಗಬಾರದು: ಜೊತೆಗೆ ಬರುವ, ಹಿಟ್ಟಿನಿಂದ ಬೇಯಿಸಿದ, ಸಿಹಿಯಲ್ಲದ ಯಾರ್ಕ್‌ಶೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ, ಗ್ರೇವಿಯಲ್ಲಿ ಮಾಂಸದ ರಸ, ಹುರಿದ ಆಲೂಗಡ್ಡೆಯಲ್ಲಿ ದನದ ಅಥವಾ ಬಾತುವಿನ ಕೊಬ್ಬು ಇರಬಹುದು. ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸಿ. ಮೆನುವಿನ ‘ವೆಜಿಟೇರಿಯನ್’ ಗುರುತಿನಲ್ಲಿ ಮೊಟ್ಟೆ ಸೇರಿರುತ್ತದೆ, ಮೊಟ್ಟೆ ತಿನ್ನದವರು ‘ವೀಗನ್’ ಗುರುತನ್ನೇ ನೋಡಬೇಕು. ಸೇಬಿನ ಸಿಹಿತಿನಿಸು ಆಪಲ್ ಕ್ರಂಬಲ್ ಮೇಲಿನ ಕಸ್ಟರ್ಡ್ ಮೊಟ್ಟೆಯಿಲ್ಲದ ಪುಡಿಯದ್ದೇ ಎಂದು ಕೇಳಿ. ಮೊಟ್ಟೆ ಒಗ್ಗದ ಹೆಂಡತಿಗಾಗಿ ಆಲ್‌ಫ್ರೆಡ್ ಬರ್ಡ್ 1837ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಆ ಪುಡಿ ಮಾಡಿದ.

ಅಡುಗೆ ಸೌಕರ್ಯವಿರುವ ಕಾಟೇಜ್ ಹಿಡಿದವರು ಒಗ್ಗರಣೆಗೆ ಮೊದಲು ಕಿಟಕಿ ತೆರೆದು, ಅಡುಗೆಮನೆಯ ಬಾಗಿಲು ಮುಚ್ಚಿ, ಮೆಣಸಿನಕಾಯಿ ಹಾಕಿದ ಕೂಡಲೇ ಮುಚ್ಚಳ ಇಡಲಿ. ಇಲ್ಲವಾದರೆ ಹೊಗೆ ಅಲಾರಂ ಅರಚಿ ಇಡೀ ಮನೆಯನ್ನು ಅಂಗಳಕ್ಕೆ ತರುತ್ತದೆ.

ಇಂತಿ,
ಓದುಗರೊಬ್ಬರು, ಶೆಫೀಲ್ಡ್