ದೊಡ್ಡಪ್ಪನ ವರ್ಷದ ತಿಥಿ: ಭಾನುವಾರ ಬೆಳಿಗ್ಗೆಯೇ ಬನ್ನಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ದೊಡ್ಡಪ್ಪನ ವರ್ಷದ ತಿಥಿ. ಎಡೆ 11ಕ್ಕೆ, ಊಟ 1ಕ್ಕೆ. ಅದಕ್ಕೂ ಮೊದಲು, 7 ಗಂಟೆಗೆ, ಬರಲಾಗುವವರೆಲ್ಲ ತೋಟದ ಬಾವಿ ಹತ್ತಿರ ಸೇರಿ. ಊರಿನ ಎಷ್ಟೋ ಪಂಪ್‌ಸೆಟ್ ನಗುನಗುತ್ತಾ ರಿಪೇರಿ ಮಾಡಿಕೊಟ್ಟ ಕೈ ಅದು. ಅವರದೇ ಪಂಪು ನಿಂತಿರುವುದು ಸರಿಯಲ್ಲ.

ಮೋಟಾರ್ ತಿರುಗುತ್ತದೆ, ನೀರು ಎತ್ತುತ್ತಿಲ್ಲ. ಫುಟ್‌ವಾಲ್ವಿನ (ಬಾವಿಯೊಳಗಿನ ಪೈಪಿನ ತುದಿಯಲ್ಲಿ, ನೀರು ವಾಪಸ್ ಇಳಿಯದಂತೆ ತಡೆಯುವ ವಾಲ್ವ್) ಚರ್ಮದ ವಾಷರ್ ಸವೆದಿರಬೇಕು, ಇಲ್ಲವೇ ಕಸ ಸಿಕ್ಕಿರಬೇಕು. ಎರಡರಲ್ಲೂ ಪೈಪಿನ ನೀರು ಬಾವಿಗೇ ಇಳಿದು ಒಳಗೆ ಗಾಳಿ ಸೇರುತ್ತದೆ. ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೊಳ್ಳಿ. ದೊಡ್ಡಪ್ಪ ಒಮ್ಮೆಯೂ ಇದನ್ನು ಬಿಟ್ಟವರಲ್ಲ. ಪೈಪ್ ಎತ್ತಲು ನಾಲ್ವರು ಬೇಕು. ಹೊಸ ವಾಷರನ್ನು ಶನಿವಾರ ರಾತ್ರಿಯೇ ನೀರಿಗೆ ಹಾಕಿಡಿ, ಒಣ ಚರ್ಮ ಸರಿಯಾಗಿ ಕೂರುವುದಿಲ್ಲ. ಜೋಡಿಸಿದ ಮೇಲೆ ಪೈಪು ತುಂಬ ನೀರು ಹೊಯ್ದೇ ಸ್ವಿಚ್ ಹಾಕಿ. ಗ್ಲ್ಯಾಂಡ್ ನಟ್ (ಪಂಪಿನ ಶಾಫ್ಟ್ ಸುತ್ತ ನೀರು ಸೋರದಂತೆ ಸುತ್ತಿದ ಹಗ್ಗವನ್ನು ಒತ್ತಿ ಹಿಡಿಯುವ ನಟ್) ಅತಿಯಾಗಿ ಬಿಗಿಯಬೇಡಿ: ಅಲ್ಲಿ ಹನಿ ತೊಟ್ಟಿಕ್ಕುತ್ತಿರಬೇಕು, ಪೂರ್ತಿ ನಿಂತರೆ ಹಗ್ಗ ಕಾದು ಶಾಫ್ಟ್ ಸವೆಯುತ್ತದೆ.

ಅವರ ಬಿಸ್ಕತ್ತಿನ ಡಬ್ಬಿ ತರುತ್ತೇವೆ. ಅದರಲ್ಲಿ ವಾಷರ್‌ಗಳನ್ನು ಅಳತೆ ಪ್ರಕಾರ ತಂತಿಗೆ ಪೋಣಿಸಿಟ್ಟಿದ್ದಾರೆ, ಚಿಕ್ಕದು ಮೇಲೆ, ದೊಡ್ಡದು ಕೆಳಗೆ. ತೆಗೆದವರು ಅದೇ ಕ್ರಮದಲ್ಲಿ ವಾಪಸ್ ಪೋಣಿಸಿ, ದಯವಿಟ್ಟು.

ಫೋಟೊ ಇದ್ದವರು ಇಲ್ಲಿಗೇ ಹಾಕಿ. ಸ್ಟುಡಿಯೋದ ಬಿಗಿಮುಖದ್ದು ಬೇಡ, ನಗುತ್ತಿರುವುದೇ ಬೇಕು.

ಎಷ್ಟು ಜನ ಬರುತ್ತೀರಿ, ದೊಡ್ಡ ಪೈಪ್ ರೆಂಚ್ ಯಾರ ಬಳಿ ಇದೆ, ಗುರುವಾರ ಸಂಜೆಯೊಳಗೆ ತಿಳಿಸಿ.