ಶತಮಾನೋತ್ಸವದ ಕೋವಿ ಗೋಡೆಗೋ, ಗುರಿಗೋ?

ಪ್ರಿಯ ಬೋಪಣ್ಣ,

ನನ್ನ ಕೋವಿಯ ಫೋಟೊ ನೋಡಿದ ಕೂಡಲೇ ನೀನು ಎರಡು ಪ್ರಶ್ನೆ ಎಸೆದೆ. ಇಷ್ಟು ಚಂದದ ಕೋವಿಯಲ್ಲಿ ಈಡು ಹೊಡೆದು ಯಾಕೆ ಹಾಳು ಮಾಡುತ್ತೀಯ ಅಂತ ಒಂದು. ಹೊಡೆಯುವುದೇ ಆದರೆ ಮೇಲೊಂದು ಟೆಲಿಸ್ಕೋಪ್ ಹಾಕಿಸಬಾರದಾ ಅಂತ ಇನ್ನೊಂದು. ಫೋನಿನಲ್ಲಿ ಉತ್ತರ ಹೇಳಿದರೆ ಅರ್ಧಕ್ಕೇ ಜಗಳಕ್ಕೆ ಬರುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ, ಪೂರ್ತಿ ಓದು.

ಮೊದಲು ಇದು ಯಾವ ಕೋವಿ ಅಂತ ಹೇಳುತ್ತೇನೆ. ವಿಂಚೆಸ್ಟರ್ 94. ಜಾನ್ ಬ್ರೌನಿಂಗ್ 1894ರಲ್ಲಿ ರೂಪಿಸಿದ ಲಿವರ್ ಕೋವಿ. ಕುದುರೆಯ ಕೆಳಗಿನ ಹಿಡಿಯನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಗೆ ಹೋಗುತ್ತದೆ. ನಮ್ಮ ಜೋಡು ನಳಿಗೆಯ ಲೋಕದಲ್ಲಿ ಬೆಳೆದವರಿಗೆ ಅದನ್ನು ನೋಡುವುದೇ ಒಂದು ಮೋಜು. 1967ರಲ್ಲಿ ನಾನಿರುವ ಈ ಕೆನಡಾಕ್ಕೆ ನೂರು ವರ್ಷ ತುಂಬಿತಲ್ಲ, ಆಗ ಕಂಪನಿ ಇಲ್ಲಿಗಾಗಿಯೇ ಒಂದು ಸ್ಮರಣಾರ್ಥ ಆವೃತ್ತಿ ತಂದಿತು. ಎಂಟು ಮೂಲೆಯ ನಳಿಗೆ. ಅದರ ಮೇಲೆ 1867–1967 ಎಂದು ಚಿನ್ನದ ಬಣ್ಣದ ಅಕ್ಷರ. ಕಪ್ಪು ಕ್ರೋಮ್ ಲೇಪದ ರಿಸೀವರ್ (ನಳಿಗೆಯ ಹಿಂದೆ ಯಂತ್ರಭಾಗ ಕೂರುವ ಕವಚ), ಅದರ ತುಂಬ ಮೇಪಲ್ ಎಲೆಯ ಕೆತ್ತನೆ. 26 ಇಂಚು ನಳಿಗೆಯ ರೈಫಲ್ ಒಂದು, 20 ಇಂಚಿನ ಕಾರ್ಬೈನ್ ಒಂದು. ನನ್ನದು ಕಾರ್ಬೈನ್.

ಈಗ ನಿನ್ನ ಮೊದಲ ಪ್ರಶ್ನೆ. ಇಂಥ ಕೋವಿಗಳನ್ನು ಎಷ್ಟು ಮಾಡಿದರು ಗೊತ್ತಾ? ಈ ಕೆನಡಾ ಆವೃತ್ತಿಯೇ ಸುಮಾರು 90,000. ಅದಕ್ಕೆ ಹಿಂದಿನ ವರ್ಷ, ಕಂಪನಿಗೇ ನೂರು ವರ್ಷ ತುಂಬಿದ್ದಕ್ಕೆ ಚಿನ್ನದ ಲೇಪದ ರಿಸೀವರ್ ಇಟ್ಟು ಮಾಡಿದ್ದು ಒಂದು ಲಕ್ಷಕ್ಕೂ ಜಾಸ್ತಿ. 1968ರ ಬಫಲೋ ಬಿಲ್ ಆವೃತ್ತಿಯೂ ಹಾಗೇ, ಲಕ್ಷ ದಾಟಿತು. ಶುರುವಿನಲ್ಲಿ, 1964ರ ವಯೋಮಿಂಗ್ ಆವೃತ್ತಿ ಬರೀ 1,500ರ ಆಸುಪಾಸು ಇತ್ತು. ಅದು ಚೆನ್ನಾಗಿ ಮಾರಾಟವಾಯಿತು ನೋಡು, ಆಮೇಲೆ ಕಂಪನಿಗೆ ಕೈ ನಿಲ್ಲಲಿಲ್ಲ. ರಾಜ್ಯ, ರೈಲುಮಾರ್ಗ, ರೂಸ್‌ವೆಲ್ಟ್, ಕೌಬಾಯ್, 1981ರಲ್ಲಿ ಹಾಲಿವುಡ್ ನಟ ಜಾನ್ ವೇಯ್ನ್, ಸಿಕ್ಕಿದ್ದಕ್ಕೆಲ್ಲ ಒಂದೊಂದು ಕೋವಿ. ಮೊಮ್ಮಕ್ಕಳ ಕಾಲಕ್ಕೆ ಬಂಗಾರದ ಬೆಲೆ ಬರುತ್ತದೆ ಎಂದು ಜನ ಡಬ್ಬಿ ಸಮೇತ ಅಟ್ಟಕ್ಕೆ ಸೇರಿಸಿದರು. ಎಲ್ಲರೂ ಹಾಗೇ ಮಾಡಿದ ಮೇಲೆ ಬೆಲೆ ಎಲ್ಲಿಂದ ಬರಬೇಕು?

ಒಂದಂತೂ ನಿಜ. ಡಬ್ಬಿ, ಕಾಗದಪತ್ರ ಎಲ್ಲ ಇದ್ದು ಒಂದು ಈಡೂ ಹೊಡೆಯದ ಕೋವಿಯಾದರೆ ಸಂಗ್ರಹಕಾರರು ನಾಲ್ಕು ಕಾಸು ಜಾಸ್ತಿ ಕೊಡುತ್ತಾರೆ. ಅದರ ಲಿವರ್ ಅನ್ನು ಸುಮ್ನೆ ಆಡಿಸಬಾರದು ಎನ್ನುವಷ್ಟು ಮಡಿ ಅವರದು. ಆಡಿಸಿದರೆ ಒಳಗೆ ಉಜ್ಜಿದ ಗೆರೆ ಬೀಳುತ್ತದಂತೆ. ನನ್ನ ಕೈಗೆ ಬಂದದ್ದು ಅಂಥದ್ದಲ್ಲ. ಹಿಂದಿನವರು ಅದರಲ್ಲಿ ಬೇಕಾದಷ್ಟು ಹೊಡೆದಿದ್ದರು, ಡಬ್ಬಿ ಯಾವತ್ತೋ ಕಾಣೆಯಾಗಿತ್ತು. ಅಂಥದ್ದನ್ನು ಗೋಡೆಗೆ ನೇತುಹಾಕಿ ಯಾರಿಗೆ ಲಾಭ ಹೇಳು. ಮೇಪಲ್ ಎಲೆಯನ್ನು ಕೆರೆದು ತೆಗೆದರೆ ಒಳಗಿರುವುದು ಬೇರೆ 94ರಷ್ಟೇ ಗಟ್ಟಿಯಾದ 94. ಎಂಟು ಮೂಲೆಯ ನಳಿಗೆ ಸ್ವಲ್ಪ ತೂಕ. ನಿಂತು ಗುರಿ ಹಿಡಿಯುವಾಗ ಆ ತೂಕ ಮುಂದಕ್ಕೆ ಬಿದ್ದು ಕೈ ನಡುಗುವುದು ಕಮ್ಮಿಯಾಗುತ್ತದೆ. ತೋಟಾ 30-30, ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ.

ಟೆಲಿಸ್ಕೋಪ್ ವಿಷಯಕ್ಕೆ ಬರೋಣ. ಹಳೆಯ 94ರಲ್ಲಿ ಖಾಲಿ ತೋಟಾ ನೇರ ಮೇಲಕ್ಕೆ ಹಾರುತ್ತದೆ, ಬೋಪಣ್ಣ. ರಿಸೀವರಿನ ನೆತ್ತಿಯ ಮೇಲೆ ಟೆಲಿಸ್ಕೋಪ್ ಕೂರಿಸಿದರೆ ಅದಕ್ಕೇ ಬಡಿದು ವಾಪಸ್ ಬೀಳುತ್ತದೆ. ಇದಕ್ಕಾಗಿಯೇ 1982ರಲ್ಲಿ ಕಂಪನಿ ತೋಟಾ ಓರೆಯಾಗಿ ಬಲಕ್ಕೆ ಹಾರುವಂತೆ ಬದಲಾಯಿಸಿತು. ಪ್ರತಿಸ್ಪರ್ಧಿ ಮಾರ್ಲಿನ್ 336ರಲ್ಲಿ ಮೊದಲಿಂದಲೂ ಪಕ್ಕಕ್ಕೇ ಹಾರುತ್ತಿತ್ತು, ಟೆಲಿಸ್ಕೋಪ್ ಪ್ರಿಯರು ಆ ಕಡೆ ವಾಲಿದ್ದು ಸಹಜ. 1967ರ ಕೋವಿಗೆ ಹಾಕಲೇಬೇಕು ಅಂದರೆ ಎಡಕ್ಕೆ ಸರಿಸಿ ಪಕ್ಕದಲ್ಲಿ ಕೂರಿಸಬೇಕು, ಇಲ್ಲ ನಳಿಗೆಯ ಮೇಲೆ ಮುಂದಕ್ಕೆ ಹಾಕಬೇಕು. ಎರಡಕ್ಕೂ ಸಾಮಾನ್ಯವಾಗಿ ಹೊಸ ತೂತು ಬೇಕಾಗುತ್ತದೆ. ಅದಕ್ಕೆ ನಾನು ಒಪ್ಪುವುದಿಲ್ಲ. ಆ ಕಾಲದ 94ರ ರಿಸೀವರಿನ ಉಕ್ಕಿಗೆ ಕೋವಿಗಳಿಗೆ ಹಾಕುವ ಮಾಮೂಲಿ ನೀಲಿ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಲೇಪ ಒಮ್ಮೆ ಒಡೆದರೆ ಮನೆಯಲ್ಲಿ ಕೂತು ಮುಚ್ಚಲು ಆಗದು. ಜೊತೆಗೆ ಸೊಂಟದ ಎತ್ತರಕ್ಕೆ ಹಿಡಿದು ನಡೆಯಲು ಹೇಳಿ ಮಾಡಿಸಿದ ತೆಳು ಕೋವಿ ಇದು. ಮೇಲೊಂದು ಕೊಳವೆ ಕಟ್ಟಿದರೆ ಆ ಸುಖವೇ ಹೋಯಿತು.

ಹಾಗಾದರೆ ಗುರಿ ಹಿಡಿಯಲು ಕಂಪನಿ ಕೊಟ್ಟ ಸೈಟ್ ಸಾಕಲ್ವಾ ಅಂತೀಯ. ಇಪ್ಪತ್ತೈದರ ವಯಸ್ಸಿಗೆ ಸಾಕು. ನಳಿಗೆಯ ಮೇಲೆ ಎರಡು ಕೊಂಬಿನ ನಡುವೆ ಸಣ್ಣ ಕಚ್ಚು, ಅದರಲ್ಲಿ ಮುಂದಿನ ಮಣಿಯನ್ನು ಕೂರಿಸಬೇಕು, ಆಮೇಲೆ ಗುರಿ ನೋಡಬೇಕು. ನಮ್ಮ ವಯಸ್ಸಿನಲ್ಲಿ ಕಣ್ಣು ಈ ಮೂರನ್ನೂ ಒಟ್ಟಿಗೆ ಹಿಡಿಯುವುದಿಲ್ಲ. ಕಚ್ಚು ಮಂಜಾದರೆ ಎತ್ತರದ ಲೆಕ್ಕವೇ ತಪ್ಪುತ್ತದೆ. ಆ ಕೊಂಬುಗಳೋ, ಗುರಿಯ ಅರ್ಧ ಭಾಗವನ್ನೇ ಮುಚ್ಚಿಬಿಡುತ್ತವೆ.

ನಾನು ಹಾಕಿಸಿದ್ದು ಪೀಪ್ ಸೈಟ್, ಅಂದರೆ ಸಣ್ಣ ತೂತಿನ ಮೂಲಕ ನೋಡುವ ಸೈಟ್. ರಿಸೀವರಿನ ಎಡಗಡೆ, ಹಿಂಭಾಗದಲ್ಲಿ ತೂತು ಮುಚ್ಚಿದ ಎರಡು ಸಣ್ಣ ತುಂಬು ಸ್ಕ್ರೂ ಇವೆಯಾ ಅಂತ ಮೊದಲು ನೋಡಬೇಕು. ಇದ್ದರೆ ಕೆಲಸ ಅರ್ಧ ಮುಗಿದ ಹಾಗೆ. ಆ ತೂತುಗಳು ಇದಕ್ಕೆಂದೇ ಕಂಪನಿ ಬಿಟ್ಟವು. ನನ್ನದರಲ್ಲಿ ಇದ್ದವು. ಸ್ಕ್ರೂ ತೆಗೆದು ಅದೇ ಜಾಗಕ್ಕೆ ವಿಲಿಯಮ್ಸ್ ಕಂಪನಿಯ ಸೈಟ್ ಬಿಗಿದರೆ ಆಯಿತು. ಲೈಮನ್ 66 ಕೂಡ ಹೀಗೇ ಕೂರುತ್ತದೆ, ಅದು ಉಕ್ಕಿನದು. ವಿಲಿಯಮ್ಸ್ ಅಲ್ಯೂಮಿನಿಯಂ, ಹಗುರ. ತೂತೇ ಇಲ್ಲದ ಸ್ಮರಣಾರ್ಥ ಕೋವಿಯಾದರೆ ನಾನು ಕೈ ಹಚ್ಚುವುದಿಲ್ಲ, ಇರುವ ಸೈಟಿನಲ್ಲೇ ಹೊಡೆಯುತ್ತೇನೆ.

ಪೀಪ್‌ನಲ್ಲಿ ನೋಡುವುದು ಬಾಗಿಲ ತೂತಿನಿಂದ ಹೊರಗೆ ಇಣುಕಿದಂತೆ. ತೂತನ್ನು ಯಾರೂ ನೋಡುವುದಿಲ್ಲ, ಅದರಾಚೆಗೆ ನೋಡುತ್ತಾರೆ. ಕಣ್ಣು ತಾನಾಗಿಯೇ ನಡುವಿಗೆ ಬರುತ್ತದೆ. ಉಳಿದದ್ದು ಎರಡೇ, ಮುಂದಿನ ಮಣಿ ಮತ್ತು ಗುರಿ. ಸಣ್ಣ ತೂತಿನಿಂದ ಬರುವ ಬೆಳಕು ಹತ್ತಿರದ್ದನ್ನೂ ದೂರದ್ದನ್ನೂ ಇನ್ನಷ್ಟು ಸ್ಪಷ್ಟ ಮಾಡುತ್ತದೆ. ಬೆಳಕು ಕಮ್ಮಿಯಿದ್ದರೆ ಒಳಗಿನ ಬಿಲ್ಲೆ ಬಿಚ್ಚಿ ದೊಡ್ಡ ಉಂಗುರದಲ್ಲೇ ನೋಡಬಹುದು. ಇನ್ನೊಂದು ಲಾಭ ದೂರದ್ದು. ನಳಿಗೆಯ ಮೇಲಿದ್ದ ಸೈಟ್ ಕಣ್ಣಿನ ಕಡೆಗೆ ಸರಿಯಿತಲ್ಲ, ಎರಡು ಸೈಟ್‌ಗಳ ಅಂತರ ಈಗ ಅಂದಾಜು 24 ಇಂಚು. ಮೊದಲು ಹೆಚ್ಚುಕಡಿಮೆ ಅದರ ಮೂರನೇ ಎರಡು ಭಾಗ ಇತ್ತು. ಅಂತರ ಜಾಸ್ತಿಯಾದಷ್ಟೂ ಸೈಟ್ ಹೊಂದಿಸುವಾಗಿನ ಸಣ್ಣ ತಪ್ಪು ಗುರಿಯಲ್ಲಿ ಸಣ್ಣದಾಗೇ ಉಳಿಯುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಇದನ್ನು ಗುರುತು ಹಾಕಿಕೊ. ಹಿಂದಿನ ಸೈಟ್ ಏರಿಸಿದರೆ ಗುಂಡು ಮೇಲಕ್ಕೆ, ಮುಂದಿನದನ್ನು ಏರಿಸಿದರೆ ಗುಂಡು ಕೆಳಕ್ಕೆ. ಪೀಪ್ ಸೈಟ್ ಎತ್ತರದಲ್ಲಿ ಕೂರುವುದರಿಂದ, ಪೂರ್ತಿ ಇಳಿಸಿದರೂ ಗುಂಡು ಮೇಲೇ ಬೀಳಬಹುದು. ಆಗ ಮುಂದೆ ಎತ್ತರದ ಮಣಿ ಬೇಕು. ಎಷ್ಟು ಎತ್ತರ? ಎರಡು ಸೈಟ್‌ಗಳ ಅಂತರವನ್ನು ಗುಂಡು ತಪ್ಪಿದ ಅಳತೆಯಿಂದ ಗುಣಿಸಿ, ಗುರಿಯ ದೂರದಿಂದ ಭಾಗಿಸು. ಎಲ್ಲವೂ ಇಂಚಿನಲ್ಲಿ ಇರಲಿ. 100 ಗಜ ಅಂದರೆ 3,600 ಇಂಚು. ಗುಂಡು 4 ಇಂಚು ಮೇಲೆ ಬಿದ್ದರೆ 24 × 4 ÷ 3,600. ಉತ್ತರ 0.027 ಇಂಚು. ಒಂದು ಮಿಲಿಮೀಟರ್ ಕೂಡ ಇಲ್ಲ, ಆದರೆ ಅದಿಲ್ಲದೆ ನೀವು ಹಬ್ಬದಲ್ಲಿ ಗುರಿ ಇಡುವ ತೆಂಗಿನಕಾಯಿಯ ಜುಟ್ಟೂ ಸಿಗುವುದಿಲ್ಲ.

ನಳಿಗೆಯ ಮೇಲಿನ ಹಳೆ ಸೈಟ್ ತೆಗೆಯಲೇಬೇಕು, ಇಲ್ಲದಿದ್ದರೆ ಪೀಪ್‌ಗೆ ಅಡ್ಡ ಬರುತ್ತದೆ. ಹಿತ್ತಾಳೆ ಪಂಚ್ ಇಟ್ಟು ಎಡದಿಂದ ಬಲಕ್ಕೆ ಮೆಲ್ಲಗೆ ತಟ್ಟು. ಕಬ್ಬಿಣದ ಮೊಳೆ ತರಬೇಡ, ಗೊತ್ತಾಯ್ತಲ್ಲ. ಅದು ಕೂತಿದ್ದ ಖಾಲಿ ಜಾಗಕ್ಕೆ ಮುಚ್ಚುವ ತುಂಡು ಸಿಗುತ್ತದೆ. ಬಿಚ್ಚಿದ ಸೈಟ್, ಆ ಎರಡು ತುಂಬು ಸ್ಕ್ರೂ, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಮುಂದೆ ಯಾರಾದರೂ ಮೊದಲಿನಂತೆ ಮಾಡಬೇಕು ಅಂದರೆ ಹತ್ತು ನಿಮಿಷದ ಕೆಲಸ.

ಬಳಸುವಾಗ ಎರಡು ವಿಷಯ ಮರೆಯುವ ಹಾಗಿಲ್ಲ. ಒಂದು, ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಕೂರುತ್ತವೆ. ಚೂಪು ಮೂತಿಯ ಗುಂಡಾದರೆ ಮುಂದಿನ ತೋಟಾದ ಹಿಂಬದಿಯ ಪ್ರೈಮರಿಗೆ (ಏಟು ಬಿದ್ದರೆ ಕಿಡಿ ಹತ್ತುವ ಭಾಗ) ಚುಚ್ಚಿ ಒಳಗೇ ಸಿಡಿಯಬಹುದು. ಅದಕ್ಕೇ ಚಪ್ಪಟೆ ಮೂತಿಯ 150 ಅಥವಾ 170 ಗ್ರೇನ್ ಗುಂಡು. ಮೆತ್ತನೆಯ ತುದಿಯ ಹಾರ್ನಡಿ ತೋಟಾ ಇದಕ್ಕೆಂದೇ ಬಂದದ್ದು, ಅದೂ ಆಗುತ್ತದೆ. ಇನ್ನೊಂದು, ಬೋಲ್ಟ್ ಬಿಚ್ಚದೆ ನಳಿಗೆಯನ್ನು ಹಿಂದಿನಿಂದ ಶುಚಿ ಮಾಡಲು ಬರುವುದಿಲ್ಲ, ಮುಂದಿನಿಂದಲೇ ಸರಳು ಹಾಕಬೇಕು. ಸರಳು ನಳಿಗೆಯ ಬಾಯಿಗೆ ಉಜ್ಜಿದರೆ ಗುರಿ ಕೆಡುತ್ತದೆ. ಹಾಗೇ ತಾಮ್ರ ಕರಗಿಸುವ ದ್ರಾವಣ ಲೇಪದ ಮೇಲೆ ಸುರಿಯದಂತೆ ನೋಡಿಕೊಳ್ಳುತ್ತೇನೆ.

ಇಲ್ಲಿಯ ಕಾನೂನು ಕೇಳಿದ್ದೆಯಲ್ಲ. ಸುರಕ್ಷತೆಯ ಕೋರ್ಸ್, ಪರೀಕ್ಷೆ, ಲೈಸೆನ್ಸ್ ಎಲ್ಲ ಬೇಕು. 2022ರಿಂದ ಪಿಸ್ತೂಲು ಕೊಳ್ಳುವ ದಾರಿ ಹೆಚ್ಚುಕಡಿಮೆ ಮುಚ್ಚಿದೆ, ಲಿವರ್ ಕೋವಿಗೆ ತೊಂದರೆಯಿಲ್ಲ. ಕೊಡವರಾದ ನಿಮ್ಮಂತೆ ಜನ್ಮದಿಂದ ಬಂದ ಲೈಸೆನ್ಸ್ ವಿನಾಯಿತಿ ನಮಗೆಲ್ಲಿದೆ! ಅದನ್ನು 2029ರವರೆಗೆ ವಿಸ್ತರಿಸಿದ್ದಾರಲ್ಲ, ಅಲ್ಲಿಯವರೆಗೆ ಹಾಯಾಗಿರು.

ಈ ಸಲ ನಿಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ನಾನು ಬರುತ್ತೇನೆ. ತೋಕ್ ಪೂ ಹೂವು ಸಿಕ್ಕಿಸಿದ ನಿಮ್ಮ ತಾತನ ಕೋವಿಯ ಫೋಟೊ ಪ್ರತಿ ವರ್ಷ ಕಳಿಸುತ್ತೀಯ, ಆದರೆ ಹಿಂದಿನ ಸೈಟ್ ಒಂದರಲ್ಲೂ ಸರಿಯಾಗಿ ಕಾಣುವುದಿಲ್ಲ. ಹತ್ತಿರದಿಂದ ಒಂದು ತೆಗೆದು ಕಳಿಸು. ಪಕ್ಕದಲ್ಲೊಂದು ಸ್ಕೇಲ್ ಇಡು. ತೆಂಗಿನಕಾಯಿ ಯಾಕೆ ತಪ್ಪುತ್ತಿದೆ ಅಂತ ಅಲ್ಲಿಂದ ನೋಡೋಣ.

ಅತ್ತಿಗೆಗೆ ನಮಸ್ಕಾರ ಹೇಳು.

ನಿನ್ನ,
ಶ್ರೀಧರ